ಮನೆಯಲ್ಲಿ ಯಥಾಧ್ವನಿ

ಹಾಡನ್ನು ಕೇಳುವುದು ಒಂದು ಬಗೆಯ ಸಂತೋಷ. ಆ ಹಾಡು ಕಿವಿಗೆ ಬಂದು ಮುಟ್ಟುವ ದಾರಿಯನ್ನು ಕೈಯಾರೆ ಸರಿಪಡಿಸಿಕೊಂಡು ಕೇಳುವುದು ಇನ್ನೊಂದು ಬಗೆಯ ಸಂತೋಷ. ಈ ಎರಡನೆಯದಕ್ಕೆ ಮನಸೋತವರು ಚಾಮರಾಜನಗರ, ಗುಂಡ್ಲುಪೇಟೆಗಳಂಥ ಊರುಗಳಲ್ಲಿಯೂ ಉಂಟು. ಹಗಲೆಲ್ಲ ಶಾಲೆಯಲ್ಲಿಯೋ ಕಚೇರಿಯಲ್ಲಿಯೋ ಅಂಗಡಿಯಲ್ಲಿಯೋ ದುಡಿದು, ರಾತ್ರಿ ಊಟವಾದ ಮೇಲೆ ಹಳೆಯ ರೇಡಿಯೋ, ಟೇಪ್ ರೆಕಾರ್ಡರು, ಆಂಪ್ಲಿಫೈಯರುಗಳ ಬೆನ್ನು ಬಿಚ್ಚಿಕೊಂಡು ಕುಳಿತುಕೊಳ್ಳುವ ಇವರನ್ನು ಕಂಡು ಮನೆಯವರು ನಗುವುದೂ, ಕೆಲವು ವೇಳೆ ರೇಗುವುದೂ ಸಹಜವೇ. ಹಜಾರದ ಮೂಲೆಯಲ್ಲಿ ತಂತಿಯ ಸಿಂಬೆ, ಬಿಸ್ಕತ್ತಿನ ಡಬ್ಬಿಯ ತುಂಬ ಸ್ಕ್ರೂ, ಮಂಚದ ಕೆಳಗೆ ಕೆಟ್ಟುಹೋದ ಯಂತ್ರಗಳ ರಾಶಿ. ಇವುಗಳಿಂದ ಯಾರಿಗೆ ಏನು ಪ್ರಯೋಜನವೆಂದು ಗೃಹಿಣಿಯು ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ತಕ್ಕ ಉತ್ತರವುಂಟೆಂಬುದನ್ನು ಇಲ್ಲಿ ವಿವರಿಸಲೆಳಸುತ್ತೇವೆ.

ಮನೆಯ ಮೂಲೆಯ ಕೆಲಸವನ್ನು ಹಗುರವಾಗಿ ಕಾಣುವುದು ಮೈಸೂರು ಸೀಮೆಯವರಿಗಂತೂ ಸಲ್ಲದು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿಯೇ 30 ವಾಟ್ ಶಕ್ತಿಯ ಪುಟ್ಟ ಪ್ರೇಷಕಯಂತ್ರವೊಂದನ್ನು ಇಟ್ಟುಕೊಂಡು ಪ್ರಸಾರಕಾರ್ಯವನ್ನು ಆರಂಭಿಸಿದರು. ಒಂದು ಕೋಣೆಯ ದೀಪಕ್ಕೆ ಬೇಕಾಗುತ್ತಿದ್ದಷ್ಟು ಶಕ್ತಿಯೂ ಅದಕ್ಕಿರಲಿಲ್ಲ. ‘ಆಕಾಶವಾಣಿ’ ಎಂಬ ಸೊಗಸಾದ ಹೆಸರನ್ನು ಪಡೆದ ಆ ನಿಲಯವು ಮುಂದೆ ಸಂಸ್ಥಾನದ ನಿಲಯವಾಗಿ, 1950ರಲ್ಲಿ ಭಾರತ ಸರ್ಕಾರದ ಆಡಳಿತಕ್ಕೆ ಸೇರಿತು. ಅದರ ಹೆಸರು ಮಾತ್ರ ತರುವಾಯ ಇಡೀ ದೇಶದ ರೇಡಿಯೋವಿನ ಹೆಸರಾಯಿತು. ಅದನ್ನು ಹೊತ್ತಿಸಿದವರು ಯಂತ್ರಶಾಸ್ತ್ರದ ಪಂಡಿತರಲ್ಲ, ಮನಸ್ಸಿನ ಶಾಸ್ತ್ರವನ್ನು ಬೋಧಿಸುತ್ತಿದ್ದ ಅಧ್ಯಾಪಕರೆಂಬುದನ್ನು ಹವ್ಯಾಸಿಗಳು ನೆನಪಿನಲ್ಲಿಡತಕ್ಕದ್ದು.

ಇನ್ನು ವಿಷಯಕ್ಕೆ ಬರೋಣ. ಹೈ-ಫೈ ಎಂದು ಬಳಕೆಯಲ್ಲಿರುವ ಮಾತಿಗೆ, ಮೂಲಕ್ಕೆ ಅತ್ಯಂತ ನಿಷ್ಠವಾದ ಧ್ವನಿ ಎಂದು ಅರ್ಥ. ನಾವು ಅದನ್ನು ‘ಯಥಾಧ್ವನಿ’ ಎಂದು ಕರೆಯಬಹುದು. ಗಟ್ಟಿಯಾದ ಧ್ವನಿಯೇ ಒಳ್ಳೆಯ ಧ್ವನಿಯೆಂಬುದು ಜನರಲ್ಲಿ ಬೇರೂರಿದ ಭ್ರಮೆ. ರೇಡಿಯೋವನ್ನೋ ದೂರವಾಣಿಯನ್ನೋ ಮಡಕೆಯ ಬಾಯಲ್ಲಿಟ್ಟರೆ ಸದ್ದು ಹಿಗ್ಗುವುದನ್ನು ಎಲ್ಲರೂ ಬಲ್ಲರು. ಆದರೆ ಮಡಕೆಯ ಬಾಯಿಗೆ ಊದಿದಾಗ ಹೊರಡುವ ಅದರದೇ ಆದ ಸ್ವರವೊಂದುಂಟಷ್ಟೆ. ಆ ಸ್ವರಕ್ಕೆ ಹೊಂದಿದ ಧ್ವನಿಯನ್ನು ಮಾತ್ರ ಅದು ಎತ್ತಿ ಹಿಡಿಯುವುದು, ಉಳಿದುವನ್ನು ಅಲ್ಲಿಯೇ ಬಿಡುವುದು. ಅದರಿಂದ ಸದ್ದು ಬೆಳೆಯಿತೇ ಹೊರತು ಸತ್ಯ ಬೆಳೆಯಲಿಲ್ಲ.

ಹಾಗಾದರೆ ಸತ್ಯವನ್ನು ಅಳೆಯುವುದು ಹೇಗೆ? ಎಳೆಯ ಕಿವಿಯು ಸೆಕೆಂಡಿಗೆ ಸುಮಾರು 20 ಕಂಪನಗಳಿಂದ 20,000 ಕಂಪನಗಳವರೆಗಿನ ಶಬ್ದವನ್ನು ಗ್ರಹಿಸಬಲ್ಲುದು. ವಯಸ್ಸಾದಂತೆ ಮೇಲಣ ಎಲ್ಲೆ ಕೆಳಗಿಳಿಯುವುದು. ಈ ವಿಸ್ತಾರವನ್ನೆಲ್ಲ ಪರೀಕ್ಷಿಸುವ ಉಪಕರಣಗಳಿವೆ. ಆದರೆ ನಮ್ಮ ಸೀಮೆಯವರಿಗೆ ಅವುಗಳಿಗಿಂತ ಮೊದಲೇ ದೊರೆತ ಪರೀಕ್ಷೆಯೊಂದುಂಟು. ಮಲೆಯ ಮಹದೇಶ್ವರನ ದೇವರಗುಡ್ಡರು ಹಿಡಿಯುವ ಕಂಸಾಳೆಯೇ ಅದು. ಕಂಚಿನ ಬಟ್ಟಲಿನ ಮೇಲೆ ಕಂಚಿನ ತಾಳ ಬಿದ್ದೊಡನೆ ಸೂಜಿಯ ಮೊನೆಯಂಥ ಒಂದು ಪೆಟ್ಟು, ಅದರ ಬೆನ್ನಿಗೇ ನಿಧಾನವಾಗಿ ಕರಗುವ ಒಂದು ಗುಂಯ್‌ಗಾರ. ಕಳಪೆ ಯಂತ್ರದಲ್ಲಿ ಆ ಪೆಟ್ಟು ಮೊಂಡಾಗುವುದು, ಕಂಚು ತಗಡಾಗುವುದು. ಹಾಗೆಯೇ ಮಂಟೇಸ್ವಾಮಿಯ ಪರಂಪರೆಯ ನೀಲಗಾರರ ತಂಬೂರಿಯ ಶ್ರುತಿಯೂ ದಮ್ಮಡಿಯ ಪೆಟ್ಟೂ ಕೆಳಗಿನ, ನಡುವಿನ ಸ್ವರಗಳಿಗೆ ಒರೆಗಲ್ಲು. ಜಾತ್ರೆಯಲ್ಲಿ ಇವುಗಳನ್ನು ಎದುರಿಗೆ ನಿಂತು ಕೇಳಿದವನ ಕಿವಿಯನ್ನು ಯಾವ ಬೆಲೆಯ ಯಂತ್ರವೂ ವಂಚಿಸಲಾರದು. ಆದುದರಿಂದ ಹವ್ಯಾಸಿಯು ಮೊದಲು ಸಂಪಾದಿಸತಕ್ಕದ್ದು ಯಂತ್ರವನ್ನಲ್ಲ, ಮೂಲದ ಪರಿಚಯವನ್ನು.

ಕೈಗೆಲಸದಲ್ಲಿ ಮೊದಲ ಪಾಠ ಸ್ಪೀಕರಿನದು. ಬರಿಯ ಸ್ಪೀಕರೊಂದನ್ನು ಕೈಯಲ್ಲಿ ಹಿಡಿದು ಹಾಡಿಸಿದರೆ ಧ್ವನಿಯು ತೆಳ್ಳಗಾಗಿ ಸೊರಗಿರುವುದು. ಅದನ್ನೇ ದೊಡ್ಡ ಹಲಗೆಯೊಂದರಲ್ಲಿ ಕೊರೆದ ರಂಧ್ರಕ್ಕೆ ಹೊಂದಿಸಿದೊಡನೆ ಮೃದಂಗದ ಎಡಬಲಗಳೆರಡೂ ಕೇಳತೊಡಗುವುವು. ಸ್ಪೀಕರಿನ ಕಾಗದವು ಮುಂದಕ್ಕೆ ನೂಕಿದಾಗ ಅದರ ಹಿಂದೆ ಗಾಳಿ ತೆರವಾಗುವುದು. ಮುಂದಿನ ಅಲೆ ಅಂಚನ್ನು ಸುತ್ತಿ ಹಿಂದಕ್ಕೆ ಹೋಗಿ ಆ ತೆರವನ್ನು ತುಂಬಿಬಿಡುವುದು. ಹೀಗೆ ತಗ್ಗಿನ ಸ್ವರಗಳು ಒಂದನ್ನೊಂದು ಅಳಿಸಿಕೊಳ್ಳುವುವು. ಹಲಗೆಯೂ ಪೆಟ್ಟಿಗೆಯೂ ಈ ಎರಡು ಅಲೆಗಳನ್ನು ಬೇರೆ ಬೇರೆ ಮಾಡುವ ಗೋಡೆಗಳಷ್ಟೆ. ಪೆಟ್ಟಿಗೆಯ ಮೂಲೆಗಳಲ್ಲಿ ಬಿರುಕಿಲ್ಲದಂತೆ ಅಂಟು ಹಾಕಿ, ಒಳಗೆ ಹಳೆಯ ದಿಂಬಿನ ಹತ್ತಿಯನ್ನು ಹಗುರವಾಗಿ ತುಂಬಿದರೆ ಒಳಗಿನ ಮಾರ್ದನಿಯೂ ತಗ್ಗುವುದು.

ಎರಡನೆಯ ಪಾಠ ಕಲ್ಲಿನದು. ಗ್ರಾಮಫೋನ್ ತಟ್ಟೆಯ ಗೀರಿನಲ್ಲಿ ಓಡುವ ಮುಳ್ಳಿಗೆ ಹಾಡಿನ ಕಂಪನವೂ ನಮ್ಮ ನಡಿಗೆಯ ಅದುರೂ ಒಂದೇ, ಅದು ಭೇದವೆಣಿಸದು. ಚಾಮರಾಜನಗರದ ಸುತ್ತಣ ಗಣಿಗಳ ಕರಿಕಲ್ಲು ಹೊರದೇಶಗಳಲ್ಲಿಯೂ ಹೆಸರಾದುದು. 40 ಸೆಂಟಿಮೀಟರ್ ಉದ್ದ, 35 ಅಗಲ, 4 ದಪ್ಪದ ಹಲಗೆಗಲ್ಲೊಂದು ಸುಮಾರು 16 ಕಿಲೋಗ್ರಾಂ ತೂಗುವುದು. ಅದರ ಕೆಳಗೆ ಹದವಾಗಿ ಗಾಳಿ ತುಂಬಿದ ಸೈಕಲ್ ಟ್ಯೂಬನ್ನು ಸುತ್ತಿ ಇರಿಸಿ, ಮೇಲೆ ಯಂತ್ರವನ್ನಿಟ್ಟರೆ, ನೆಲದ ಅದುರು ಬಹುಮಟ್ಟಿಗೆ ಟ್ಯೂಬಿನಲ್ಲಿಯೇ ನಿಂತುಹೋಗುವುದು. ಭಾರವು ಅಲುಗಲೊಲ್ಲದು, ಗಾಳಿಯು ಬಗ್ಗಿಕೊಡುವುದು, ಇಷ್ಟೇ ರಹಸ್ಯ.

ಮೂರನೆಯದು ಕೋಣೆ. ಗಾರೆನೆಲದ ಬರಿಯ ಹಜಾರದ ನಡುವೆ ಚಪ್ಪಾಳೆ ತಟ್ಟಿ ನೋಡಿರಿ. ಬಾಲದಂತೆ ಸದ್ದು ಹಿಂಬಾಲಿಸಿದರೆ ಯಾವ ಯಂತ್ರವೂ ಅಲ್ಲಿ ಶೋಭಿಸದು. ಗೋಡೆಗೆ ಒಂದು ಕಂಬಳಿ, ಎದುರಿಗೆ ಪುಸ್ತಕದ ಬೀರು, ನೆಲಕ್ಕೆ ಜಮಖಾನ. ಇವುಗಳಿಂದ ಆಗುವ ಉಪಕಾರ ಸಾವಿರಾರು ರೂಪಾಯಿಯ ತಂತಿಗಳಿಂದ ಆಗದು.

ಇಲ್ಲಿಯೇ ಎಚ್ಚರಿಕೆಯ ಮಾತನ್ನೂ ಹೇಳಬೇಕು. ವಾಲ್ವುಗಳಿರುವ ಹಳೆಯ ಆಂಪ್ಲಿಫೈಯರಿನೊಳಗೆ 300 ವೋಲ್ಟಿಗೂ ಮಿಕ್ಕ ಒತ್ತಡವಿರುವುದುಂಟು. ಪ್ಲಗ್ಗನ್ನು ಕಿತ್ತ ಮೇಲೂ ಕೆಪ್ಯಾಸಿಟರುಗಳಲ್ಲಿ ಅದು ಅಡಗಿ ಕುಳಿತಿರಬಹುದು. ಬಲ್ಲವರ ಬಳಿ ಕಲಿಯದೆ ಅದರ ಒಳಗೆ ಕೈಯಿಡಕೂಡದು. ಮಕ್ಕಳಿರುವ ಮನೆಯಲ್ಲಿ ಬಿಚ್ಚಿದ ಯಂತ್ರವನ್ನು ಹಾಗೆಯೇ ಬಿಟ್ಟು ಏಳಕೂಡದು. ಬೆಂಗಳೂರಿನ ಎಸ್. ಪಿ. ರಸ್ತೆಗೆ ಹೋದಾಗಲೆಲ್ಲ ತಿಂಗಳ ಸಾಮಾನಿನ ಹಣವನ್ನು ಬಿಡಿಭಾಗಗಳಿಗೆ ಸುರಿಯುವುದೂ ಅಪಾಯವೇ. ಅದರ ಒತ್ತಡ ಮಾತ್ರ ಬೇರೆ ತರಹದ್ದು!

ಈಗ ಗೃಹಿಣಿಯ ಪ್ರಶ್ನೆಗೆ ಉತ್ತರ. 1963ರಲ್ಲಿ ಫಿಲಿಪ್ಸ್ ಸಂಸ್ಥೆಯವರು ಹೊರತಂದ ಕ್ಯಾಸೆಟ್ಟು, ಮುಂದಿನ ದಶಕಗಳಲ್ಲಿ ನಮ್ಮ ಹಳ್ಳಿಹಳ್ಳಿಗೂ ಬಂದಿತು. ಅಂಗಡಿಯಿಂದ ತಂದ ಮಹದೇಶ್ವರನ ಹಾಡುಗಳಷ್ಟೇ ಅಲ್ಲದೆ, ಮದುವೆಮನೆಯಲ್ಲಿ ಅಜ್ಜಿ ಹೇಳಿದ ಸೋಬಾನೆ, ಮನೆಯ ಜಗಲಿಯಲ್ಲಿ ರಾತ್ರಿಯೆಲ್ಲ ನಡೆದ ಕಥೆ, ದೂರದ ಊರಿನಿಂದ ಮಗನು ಕಳುಹಿಸಿದ ಮಾತು, ಇವೆಲ್ಲವೂ 4 ಮಿಲಿಮೀಟರಿಗೂ ಕಿರಿದಾದ ಆ ಪಟ್ಟಿಯ ಮೇಲೆ ಕುಳಿತಿವೆ. ಅಚ್ಚಾದ ಪುಸ್ತಕಕ್ಕೆ ಸಾವಿರ ಪ್ರತಿಗಳುಂಟು. ಅಜ್ಜಿಯ ಸೋಬಾನೆಗೆ ಒಂದೇ ಪ್ರತಿ. ಮಳೆಗಾಲದ ತೇವಕ್ಕೆ ಪಟ್ಟಿಗೆ ಬೂಷ್ಟು ಹಿಡಿಯುವುದು, ಬೇಸಗೆಯಲ್ಲಿ ಅಟ್ಟದ ಸೆಕೆಗೆ ಅದು ಕೆಡುವುದು, ಸ್ಪೀಕರಿನ ಮೇಲಿಟ್ಟರೆ ಅಯಸ್ಕಾಂತವು ಬರೆಹವನ್ನೇ ಅಳಿಸುವುದು. ಪಟ್ಟಿ ಚೆನ್ನಾಗಿ ಉಳಿದರೂ ಅದನ್ನು ಓದುವ ಯಂತ್ರ ಉಳಿಯಬೇಕಲ್ಲವೆ? ಯಂತ್ರವನ್ನು ಬದುಕಿಸಿಕೊಳ್ಳಬಲ್ಲವನು ಮಂಚದ ಕೆಳಗೆ ರಾಶಿ ಹಾಕಿಕೊಂಡಿರುವ ಆ ಹವ್ಯಾಸಿಯೇ.

ಅವನು ಮಾಡತಕ್ಕ ಕೆಲಸದ ಕ್ರಮವಿಷ್ಟೆ. ಮೊದಲು, ಮೇಲೆ ಮತ್ತೇನನ್ನೂ ಧ್ವನಿಮುದ್ರಿಸಲಾಗದಂತೆ ಕ್ಯಾಸೆಟ್ಟಿನ ಬೆನ್ನಿನ ಎರಡು ಪುಟ್ಟ ಪ್ಲಾಸ್ಟಿಕ್ ಎಸಳುಗಳನ್ನು ಮುರಿದುಬಿಡುವುದು. ಪಟ್ಟಿಯನ್ನು ಒತ್ತುವ ಉಣ್ಣೆಯ ತುಂಡು ಒಳಗೆ ಕಳಚಿಬಿದ್ದಿದ್ದರೆ ಅಂಟಿಸುವುದು. ಯಂತ್ರದ ರಬ್ಬರ್ ಬೆಲ್ಟು ಸಡಿಲವಾಗಿದ್ದರೆ ಹೊಸದನ್ನು ಹಾಕುವುದು. ಇಲ್ಲವಾದರೆ ಅಜ್ಜಿಯ ಕೊರಳು ಅಜ್ಜನದಾದೀತು. ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರಸಿ ಆರಲು ಬಿಡುವುದು. ಅನಂತರ ಹೆಡ್ಡಿನ ಪಕ್ಕದಲ್ಲಿರುವ ಓರೆ ತಿದ್ದುವ ಸ್ಕ್ರೂವಿನ ಮೊದಲ ಸ್ಥಾನವನ್ನು ಗುರುತು ಮಾಡಿಕೊಂಡು, ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸುತ್ತ ಕೇಳುವುದು. ಕಂಸಾಳೆಯೋ ಬಳೆಯ ಸದ್ದೋ ಅತ್ಯಂತ ಸ್ಫುಟವಾದೆಡೆಯೇ ಆ ಪಟ್ಟಿಗೆ ಸರಿಯಾದ ಸ್ಥಾನ. ಮೂಲವನ್ನು ಬಲ್ಲ ಕಿವಿಯ ಪ್ರಯೋಜನ ಇಲ್ಲಿ ತಿಳಿಯುವುದು. ಕೊನೆಗೆ ಗಣಕಯಂತ್ರಕ್ಕೆ, ಸೆಕೆಂಡಿಗೆ 44,100 ಮಾದರಿಗಳಿಗೆ ಕಡಿಮೆಯಾಗದಂತೆ, ಸಂಕೋಚಿಸದೆ ಇಳಿಸಿ, ಹಾಡಿದವರ ಹೆಸರು, ಊರು, ವರ್ಷಗಳನ್ನು ಬರೆದು, ಎರಡು ಬೇರೆ ಬೇರೆ ಮನೆಗಳಲ್ಲಿ ಎರಡು ಪ್ರತಿಗಳನ್ನಿಡುವುದು. ಅನ್ಯರ ಮನೆಯ ಧ್ವನಿಯಾದರೆ ಅವರ ಅನುಮತಿಯಿಲ್ಲದೆ ಹಂಚಕೂಡದು.

ಇಂದು ಬಾಯಿಪಾಠವಾಗಿ ಹಾಡುವವರು ವರ್ಷದಿಂದ ವರ್ಷಕ್ಕೆ ವಿರಳರಾಗುತ್ತಿದ್ದಾರೆ. ಕ್ಯಾಸೆಟ್ಟುಗಳೂ ಅವರೊಡನೆಯೇ ಮುದಿಯಾಗುತ್ತಿವೆ. ಯಥಾಧ್ವನಿಯ ಹವ್ಯಾಸಿಯು ತನ್ನ ಕೈಗುಣವನ್ನು ಪರದೇಶದ ವಾದ್ಯವೃಂದಕ್ಕೆ ಮಾತ್ರ ಮೀಸಲಿಡದೆ, ವರ್ಷಕ್ಕೆ ನಾಲ್ಕಾರು ನೆರೆಮನೆಗಳ ಪೆಟ್ಟಿಗೆಗಳನ್ನು ಕೇಳಿ ಪಡೆದು ಉಳಿಸಿಕೊಟ್ಟನಾದರೆ, ಅವನ ಮೂಲೆಯ ರಾಶಿಯನ್ನು ಯಾವ ಗೃಹಿಣಿಯೂ ಕಸವೆನ್ನಲಾರಳು.