ಡಿಕ್ಕಿಯೊಳಗಣ ನಾದಪೆಟ್ಟಿಗೆ

ಮೇಖ್ರಿ ವೃತ್ತದಿಂದ ಹೊರಟು ಹೆಬ್ಬಾಳದ ಮೇಲ್ಸೇತುವೆಯನ್ನು ಹಾದು ಯಲಹಂಕದತ್ತ ಸಾಗುವ ಬಳ್ಳಾರಿ ರಸ್ತೆಯಲ್ಲಿ, ಸಂಜೆಯ ವಾಹನಗಳ ಸಾಲಿನ ನಡುವೆ ನಿಂತವರಿಗೆ, ಪಕ್ಕದ ಕಾರಿನ ಹಾಡಿನ ಪಲ್ಲವಿಯಾಗಲಿ ಮಾತಾಗಲಿ ಕೇಳಿಸದೆ, ಮುಚ್ಚಿದ ಗಾಜುಗಳನ್ನು ದಾಟಿ ಬಂದ ತಗ್ಗುಸ್ವರದ ಗುದ್ದೊಂದು ಮಾತ್ರ ಎದೆಗೆ ತಾಗುವುದುಂಟು. ಕೆಲವು ಕಾರುಗಳಲ್ಲಿ ಅದು ಬಿಡಿಬಿಡಿಯಾಗಿ, ತೂಕವಾಗಿ, ತಾಳದ ಜೊತೆಯಲ್ಲಿ ನಡೆಯುತ್ತದೆ. ಬಹಳಷ್ಟು ಕಾರುಗಳಲ್ಲಿ ಹಾಡು ಯಾವುದಾದರೂ ಅದೇ ಒಂದು ಸ್ವರದ ಮೊರೆತವಾಗಿ ಉಳಿಯುತ್ತದೆ. ಈ ತಾರತಮ್ಯಕ್ಕೆ ಸಬ್‌ವೂಫರಿನ ಬೆಲೆಯನ್ನೋ ಆಂಪ್ಲಿಫೈಯರಿನ ವ್ಯಾಟುಗಳನ್ನೋ ಕಾರಣವಾಗಿ ಹೇಳುವವರೇ ಹೆಚ್ಚು. ನನ್ನ ಮತದಲ್ಲಿ ಕಾರಣದ ಬಹುಭಾಗವಿರುವುದು, ಎಲ್ಲ ಖರ್ಚೂ ಮುಗಿದ ಮೇಲೆ ಉಳಿದ ಹಣದಲ್ಲಿ ಅವಸರದಿಂದ ಹೊಡೆಸಿದ ಮರದ ಪೆಟ್ಟಿಗೆಯಲ್ಲಿ.

ಸಬ್‌ವೂಫರಿನ ಕೋನ್ ಮುಂದಕ್ಕೆ ತಳ್ಳಿದಷ್ಟೇ ಗಾಳಿಯನ್ನು ಹಿಂದಿನಿಂದ ಸೆಳೆಯುತ್ತದೆಯಾದುದರಿಂದ, ಎರಡೂ ಅಲೆಗಳು ಬಯಲಿನಲ್ಲಿ ಒಂದನ್ನೊಂದು ನುಂಗಿಹಾಕುತ್ತವೆ. ಅದನ್ನು ತಡೆಯಲು ಹಿಂಬದಿಯನ್ನು ಪೂರ್ಣವಾಗಿ ಮುಚ್ಚಿದರೆ ಸೀಲ್ಡ್ ಬಾಕ್ಸ್ ಆಯಿತು. ಮುಚ್ಚಿ, ಒಂದು ನಾಳವನ್ನು ಮಾತ್ರ ಲೆಕ್ಕವಿಟ್ಟು ಹೊರಕ್ಕೆ ತೆರೆದರೆ ಪೋರ್ಟೆಡ್ ಬಾಕ್ಸ್ ಆಯಿತು. ಎರಡನೆಯದರ ತತ್ತ್ವವನ್ನು ನಮ್ಮ ಕಚೇರಿಗಳಲ್ಲಿ ಘಟಂ ನುಡಿಸುವ ವಿದ್ವಾಂಸರು ದಿನವೂ ಪ್ರದರ್ಶಿಸುತ್ತಿದ್ದಾರೆ. ಘಟದ ಬಾಯನ್ನು ಹೊಟ್ಟೆಗೆ ಒತ್ತಿ ಕಿರಿದುಮಾಡಿದೊಡನೆ ಅದರ ದನಿ ತಗ್ಗುತ್ತದೆ. ಒಳಗಿನ ಗಾಳಿ ಸ್ಪ್ರಿಂಗಿನ ಕೆಲಸ ಮಾಡುತ್ತದೆ, ಕಂಠದ ಗಾಳಿ ಅದರ ಮೇಲಿಟ್ಟ ಭಾರವಾಗುತ್ತದೆ. ಬಾಯಿ ಕಿರಿದಾದಷ್ಟೂ, ಕಂಠ ನೀಳವಾದಷ್ಟೂ, ಒಡಲು ದೊಡ್ಡದಾದಷ್ಟೂ ಸ್ವರ ಕೆಳಗಿಳಿಯುತ್ತದೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಇಂಥ ಅನುರಣಕಗಳನ್ನು ವಿವರಿಸಿದ ತನ್ನ ಮಹಾಗ್ರಂಥವನ್ನು ಪ್ರಕಟಿಸಿದುದು 1863ರಲ್ಲಿ. ಅದೇ ಉಪಾಯವನ್ನು ಧ್ವನಿವರ್ಧಕದ ಪೆಟ್ಟಿಗೆಗೆ ಅಳವಡಿಸಿದ ಅಮೆರಿಕದ ಬೆಲ್ ಪ್ರಯೋಗಾಲಯದ ಥುರಸ್‌ಗೆ ಪೇಟೆಂಟು ದೊರೆತುದು 1932ರಲ್ಲಿ.

ವಾದ್ಯದ ಒಡಲನ್ನು ಭೌತಶಾಸ್ತ್ರದ ಕಣ್ಣಿನಿಂದ ನೋಡುವುದು ಈ ಬಳ್ಳಾರಿ ರಸ್ತೆಗೂ ಅಪರಿಚಿತವಲ್ಲ. ಮೃದಂಗದ ಬಲಮುಖದ ನಡುವೆ ಮೆತ್ತುವ ಕರಣೆಯ ಭಾರದಿಂದಲೇ ಆ ಚರ್ಮದ ಉಪಸ್ವರಗಳು ಮೂಲಸ್ವರದೊಡನೆ ಸರಿಯಾದ ಅನುಪಾತಕ್ಕೆ ಬರುತ್ತವೆಂದು 1920ರಲ್ಲಿ ತೋರಿಸಿದ ಸರ್ ಸಿ. ವಿ. ರಾಮನ್ ಅವರು, 1948ರಲ್ಲಿ ತಮ್ಮ ಸಂಶೋಧನಾಲಯವನ್ನು ಸ್ಥಾಪಿಸಿದುದು ಮೇಖ್ರಿ ವೃತ್ತದ ಸಮೀಪದಲ್ಲೇ. ಕರಣೆಯನ್ನು ಪದರಪದರವಾಗಿ ಹಚ್ಚುತ್ತ, ಹಚ್ಚಿದೊಡನೆ ತಟ್ಟಿ ಕೇಳುತ್ತ ಕುಳಿತ ವಾದ್ಯಕಾರನ ತಾಳ್ಮೆ ಸಬ್‌ವೂಫರಿನ ಪೆಟ್ಟಿಗೆ ಮಾಡುವವನಿಗೂ ಅಷ್ಟೇ ಅವಶ್ಯವೆಂದು ನಾನು ನಂಬಿದ್ದೇನೆ.

ಈ ಕಾರ್ಯದಲ್ಲಿ ಊಹೆಗೆ ಅವಕಾಶವಿಲ್ಲದಂತೆ ಮಾಡಿದವರು ಆಸ್ಟ್ರೇಲಿಯದಲ್ಲಿ ಕೆಲಸ ಮಾಡಿದ ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್. 1961ರ ಥೀಲ್‌ನ ಪ್ರಬಂಧವೂ ಎಪ್ಪತ್ತರ ದಶಕದ ಆರಂಭದ ಸ್ಮಾಲ್‌ನ ಲೇಖನಗಳೂ ಕೂಡಿ, ಯಾವ ಸ್ಪೀಕರಿಗೆ ಎಷ್ಟು ಗಾತ್ರದ ಒಡಲು, ಎಷ್ಟು ತಗ್ಗಿನ ಶ್ರುತಿ ಎಂಬುದನ್ನು ಕಾಗದದ ಮೇಲೆಯೇ ನಿರ್ಧರಿಸುವ ಮಾರ್ಗವನ್ನು ಕೊಟ್ಟವು. ಸಬ್‌ವೂಫರಿನೊಡನೆ ಬರುವ ಕಾಗದದಲ್ಲಿ ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಎಂದು ಅಚ್ಚಾಗಿರುವ ಅಂಕಿಗಳು ಇವರ ಕೊಡುಗೆಯೇ. ಅಂಗಡಿಗಳಲ್ಲಿ ಆ ಕಾಗದ ರಟ್ಟಿನ ಡಬ್ಬದೊಡನೆ ಕಸಕ್ಕೆ ಹೋಗುವುದನ್ನು ನೋಡುವಾಗ ಮನಸ್ಸಿಗೆ ನೋವಾಗುತ್ತದೆ.

ಉದಾಹರಣೆಗೆ, ಹನ್ನೆರಡು ಅಂಗುಲದ ಸಬ್‌ವೂಫರೊಂದಕ್ಕೆ 55 ಲೀಟರಿನ ನಿವ್ವಳ ಗಾತ್ರವೂ 35 ಹರ್ಟ್ಸ್‌ನ ಶ್ರುತಿಯೂ ತಕ್ಕುದೆಂದು ಲೆಕ್ಕ ಹೇಳಿತೆನ್ನೋಣ. ನಾಳದ ಬಾಯನ್ನು 30 ಸೆಂಟಿಮೀಟರ್ ಎತ್ತರಕ್ಕೆ 5 ಸೆಂಟಿಮೀಟರ್ ಅಗಲವಾಗಿ, ಅಂದರೆ 150 ಚದರ ಸೆಂಟಿಮೀಟರಿನಷ್ಟಾಗಿ ಇಟ್ಟರೆ, ಅದರ ಉದ್ದ ಸುಮಾರು 67 ಸೆಂಟಿಮೀಟರ್ ಬೇಕಾಗುತ್ತದೆ. ತುದಿಗಳಾಚೆಯ ಒಂದಿಷ್ಟು ಗಾಳಿಯೂ ನಾಳದೊಡನೆ ಚಲಿಸುವುದರಿಂದ ಸುಮಾರು ಹತ್ತನ್ನು ಕಳೆದು 57 ಸೆಂಟಿಮೀಟರ್ ಕಟ್ಟಿದರೆ ಸಾಕು. ಆ ನಾಳವೇ ಎಂಟೂವರೆ ಲೀಟರನ್ನು ಆಕ್ರಮಿಸುತ್ತದೆ, ಸ್ಪೀಕರಿನ ಅಯಸ್ಕಾಂತವೂ ಒಳಗಿನ ಆಧಾರಪಟ್ಟಿಗಳೂ ಮತ್ತಷ್ಟನ್ನು ಕಬಳಿಸುತ್ತವೆ. ಇವನ್ನೆಲ್ಲ ಕೂಡಿಸದೆ, ಹೊರ ಅಳತೆಯನ್ನೇ ಒಳಗಾತ್ರವೆಂದು ಭಾವಿಸಿ ಮರ ಕೊಯ್ಯಿಸಿದರೆ ಒಡಲು ಕಿರಿದಾಗಿ ಶ್ರುತಿ ಮೇಲೇರುತ್ತದೆ. ಹಾಗೆಂದು ಉದ್ದವನ್ನು ಉಳಿಸಲು ನಾಳವನ್ನು ಕಿರಿದಾಗಿಸಲೂ ಬಾರದು. ಗಾಳಿಯ ವೇಗ ಸೆಕೆಂಡಿಗೆ 17 ಮೀಟರನ್ನು ಮೀರಿ ಬೆಳೆದಂತೆ ನಾಳದ ಬಾಯಲ್ಲಿ ಉಸಿರಿನ ಸದ್ದೆದ್ದು ಸಂಗೀತವನ್ನು ಕೆಡಿಸುತ್ತದೆ. ದುಂಡನೆಯ ಪಿವಿಸಿ ಕೊಳವೆಯನ್ನು ಬಳಸುವವರು ಲೆಕ್ಕಕ್ಕಿಂತ ತುಸು ಉದ್ದವಾಗಿಟ್ಟು, ಕೇಳಿ ನೋಡಿ, ಆಮೇಲೆ ಕೊಯ್ಯುವುದು ಲೇಸು; ಕೊಯ್ದುದನ್ನು ಬೆಳೆಸುವ ಉಪಾಯವಿಲ್ಲ.

ಕಾರು ಮನೆಯ ಹಜಾರವಲ್ಲವೆಂಬುದನ್ನೂ ಮರೆಯಬಾರದು. 35 ಹರ್ಟ್ಸ್‌ನ ತರಂಗದೂರ ಹತ್ತಿರಹತ್ತಿರ ಹತ್ತು ಮೀಟರ್. ಕಾರಿನ ಒಳಾವರಣದ ಉದ್ದ ಎರಡೂವರೆ ಮೂರು ಮೀಟರ್. ಇಷ್ಟು ಕಿರಿದಾದ ಮುಚ್ಚಿದ ತಾಣದಲ್ಲಿ, ಸುಮಾರು 60–70 ಹರ್ಟ್ಸ್‌ನಿಂದ ಕೆಳಗೆ ಇಳಿದಂತೆಲ್ಲ ಒತ್ತಡ ತಾನಾಗಿಯೇ ಹೆಚ್ಚುತ್ತ ಹೋಗುತ್ತದೆ. ಸಾಮಾನ್ಯ ಬೇಸ್ ಗಿಟಾರಿನ ಅತಿ ತಗ್ಗಿನ ತಂತಿ ಮಿಡಿಯುವುದು 41 ಹರ್ಟ್ಸ್‌ನಲ್ಲಿ. ಪೆಟ್ಟಿಗೆಯ ಶ್ರುತಿಯನ್ನು ಗದ್ದಲದ ಆಸೆಯಿಂದ 50 ಹರ್ಟ್ಸ್‌ಗೆ ಏರಿಸಿದವರು, ಆ ಒಂದು ಸ್ವರದ ಬಳಿ ಗುಡ್ಡವೆಬ್ಬಿಸಿ, ಅದರ ಕೆಳಗೆ ಸ್ಪೀಕರನ್ನು ಅಪಾಯಕ್ಕೆ ಒಡ್ಡುತ್ತಾರೆ. ಏತಕ್ಕೆಂದರೆ ಶ್ರುತಿಗಿಂತ ಕೆಳಗೆ ಒಳಗಿನ ಗಾಳಿ ಕೋನನ್ನು ಹಿಡಿದು ನಿಲ್ಲಿಸುವುದಿಲ್ಲ. ಅತಿ ತಗ್ಗಿನ ಸ್ವರಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರಿಲ್ಲದೆ ದನಿ ಏರಿಸಿದಲ್ಲಿ ಕೋನ್ ಮಿತಿಮೀರಿ ಹಾರಿ ಕಾಯಿಲ್ ಕೆಡುತ್ತದೆ. ಶ್ರುತಿಯ ಸ್ಥಾನದಲ್ಲಾದರೋ ಕೋನ್ ಬಹುಮಟ್ಟಿಗೆ ಸ್ತಬ್ಧವಾಗಿದ್ದು, ನಾಳವೇ ಹಾಡುತ್ತಿರುತ್ತದೆ. ಇದನ್ನು ಯಾರಾದರೂ ಪರೀಕ್ಷಿಸಬಹುದು: ದನಿಯನ್ನು ತಗ್ಗಿಸಿಟ್ಟು, ಮೊಬೈಲಿನಿಂದ ಒಂದೊಂದೇ ಹರ್ಟ್ಸ್ ಇಳಿಸುತ್ತ ಶುದ್ಧಸ್ವರವನ್ನು ನುಡಿಸಿದರೆ, ಕೋನಿನ ಅಲುಗಾಟ ಎಲ್ಲಿ ಅತ್ಯಲ್ಪವಾಗುವುದೋ ಅದೇ ಪೆಟ್ಟಿಗೆಯ ನಿಜವಾದ ಶ್ರುತಿ.

ಮರದ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. 18 ಮಿಲಿಮೀಟರಿನ ಎಂಡಿಎಫ್ ಭಾರವಾದುದು, ನಯವಾಗಿ ಕೊಯ್ಯಲು ಬರುವುದು. ಆದರೆ ತೇವಕ್ಕೆ ಉಬ್ಬುತ್ತದೆ, ಮಳೆಗಾಲದಲ್ಲಿ ನೀರು ಸೋರುವ ಡಿಕ್ಕಿಗೆ ಅದು ಹೊಂದದು. ಅಂಥಲ್ಲಿ ಐಎಸ್ 710 ಗುರುತಿನ ಮರೀನ್ ಪ್ಲೈವುಡ್ ಮೇಲು. ಪ್ಲೈವುಡ್ಡಿನ ಅಧ್ಯಯನಕ್ಕೆಂದೇ 1962ರಲ್ಲಿ ಆರಂಭವಾದ ಸಂಶೋಧನಾ ಸಂಸ್ಥೆ ಯಶವಂತಪುರದ ಕಡೆಯ ತುಮಕೂರು ರಸ್ತೆಯಲ್ಲೇ ಬೆಳೆದುಬಂದಿರುವಾಗ, ಗುರುತಿಲ್ಲದ ಹಲಗೆಯನ್ನು ಕೊಳ್ಳುವುದು ನಮ್ಮ ಭಾಗದವರಿಗೆ ಶೋಭಿಸುವುದಿಲ್ಲ. ಹಲಗೆ ಯಾವುದಾದರೂ ಸಂದುಗಳಿಗೆ ಅಂಟು ತುಂಬಿ, ಸ್ಕ್ರೂ ಬಿಗಿದು, ಒಳ ಅಂಚುಗಳಿಗೆ ಸಿಲಿಕೋನ್ ಬಳಿಯದಿದ್ದರೆ ಗಾಳಿ ಸೋರಿ, ಮೇಲಿನ ಲೆಕ್ಕವೆಲ್ಲ ವ್ಯರ್ಥವಾಗುತ್ತದೆ.

ಚೆನ್ನಾಗಿ ಶ್ರುತಿಗೊಂಡ ಪೆಟ್ಟಿಗೆಗೆ ಅಬ್ಬರ ಬೇಕಾಗುವುದಿಲ್ಲ. ವಸತಿಪ್ರದೇಶಗಳಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಶಬ್ದದ ಮಿತಿ 45 ಡೆಸಿಬೆಲ್ ಎಂದು 2000ದ ಶಬ್ದಮಾಲಿನ್ಯ ನಿಯಮಗಳು ವಿಧಿಸಿವೆ. ತಗ್ಗುಸ್ವರ ಗೋಡೆಗಳನ್ನೂ ದಾಟಿ ಹೋಗತಕ್ಕದ್ದಾದುದರಿಂದ, ಆರ್.ಟಿ. ನಗರದ ಒತ್ತೊತ್ತಾದ ಮನೆಗಳ ನಡುವೆ ಕಾರು ನಿಲ್ಲಿಸುವವರು ಇದನ್ನು ನೆನಪಿಡಬೇಕು. ಸಬ್‌ವೂಫರ್ ಕೊಳ್ಳಲು ಹೊರಟ ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ: ಹಣ ಕೊಡುವ ಮೊದಲು ಪೆಟ್ಟಿಗೆಯ ನಿವ್ವಳ ಗಾತ್ರವನ್ನೂ ನಾಳದ ವಿಸ್ತೀರ್ಣ ಮತ್ತು ಉದ್ದವನ್ನೂ ಶ್ರುತಿಯ ಕಂಪನಾಂಕವನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳಿರಿ, ಬರೆದುಕೊಡಲಾರದ ಅಂಗಡಿಯಲ್ಲಿ ಪೆಟ್ಟಿಗೆಯನ್ನು ಮಾಡಿಸಬೇಡಿರಿ.