ತಂತಿ ಬಿಡಿ, ಮರ ಹಿಡಿಯಿರಿ

ಮಲೆನಾಡಿನ ಹೋಂಸ್ಟೇ ಎಂದರೆ ಈಗ ಮೂರು ಸಂಗತಿ ಇರಲೇಬೇಕು. ಒಂದು ಹಳ್ಳದ ಸದ್ದು, ಇನ್ನೊಂದು ಕ್ಯಾಂಪ್‌ಫೈರ್, ಮತ್ತೊಂದು ಬಾರ್ಬೆಕ್ಯೂ. ಫೋನ್ ಮಾಡುವವರು ಬಿಸಿನೀರು ಬರುತ್ತಾ ಎಂದು ವಿಚಾರಿಸುವ ಮೊದಲೇ ‘ಬಾರ್ಬೆಕ್ಯೂ ಇದೆಯಾ?’ ಎಂದು ಕೇಳುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಟೆರೇಸುಗಳಿಗೂ ಈ ಹುಚ್ಚು ಹತ್ತಿದೆ. ಆನ್‌ಲೈನ್‌ನಲ್ಲಿ ತರಿಸಿದ ಮಡಚುವ ಗ್ರಿಲ್, ಒಂದು ಚೀಲ ಇದ್ದಿಲು, ಮಸಾಲೆ ಹಚ್ಚಿದ ಚಿಕನ್, ಒಂದಿಷ್ಟು ಪನ್ನೀರು, ಜೋಳದ ತೆನೆ. ಶನಿವಾರದ ರಾತ್ರಿಗೆ ಇಷ್ಟಿದ್ದರೆ ಸಾಕು.

ಮಾಂಸಕ್ಕೆ ಏನು ಹಚ್ಚಬೇಕು, ಎಷ್ಟು ಹೊತ್ತು ನೆನೆಸಬೇಕು ಎಂಬುದರ ಬಗ್ಗೆ ಎಲ್ಲರ ಬಳಿಯೂ ಒಂದೊಂದು ಅಭಿಪ್ರಾಯ ಇರುತ್ತದೆ. ಪಾರ್ಟಿ ಮುಗಿದ ಮೇಲೆ ಉಳಿಯುವ ಆ ಕರಕಲು ಜಾಲರಿಯ ಬಗ್ಗೆ ಮಾತ್ರ ಯಾರಿಗೂ ಅಭಿಪ್ರಾಯವಿಲ್ಲ! ಮೂಡಿಗೆರೆ ಕಡೆ ನಮ್ಮ ಮನೆಯವರು ನಡೆಸುವ ಪುಟ್ಟ ಹೋಂಸ್ಟೇಗೆ ರಜೆಯಲ್ಲಿ ಹೋದಾಗಲೆಲ್ಲ ಜಾಲರಿ ಉಜ್ಜುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಉಜ್ಜುವುದು ಹೇಗೆ ಎಂದು ಹುಡುಕಲು ಹೋದವನಿಗೆ ಸಿಕ್ಕಿದ್ದು ಆಸ್ಪತ್ರೆಯ ವರದಿಗಳು. ಕೊಳೆ ತೆಗೆಯುವ ಸಾಧನವೇ ಕೊಳೆಗಿಂತ ಅಪಾಯಕಾರಿ ಆಗಬಹುದು ಎಂಬುದು ಆಗ ತಿಳಿಯಿತು.

ಕೂದಲೆಳೆಯಷ್ಟು ಅಪಾಯ

ಗ್ರಿಲ್ ಉಜ್ಜಲು ಎಲ್ಲ ಕಡೆ ಮಾರುವುದು ತಂತಿ ಬ್ರಷ್. ಹಿತ್ತಾಳೆ ಅಥವಾ ಉಕ್ಕಿನ ಸಣ್ಣ ಸಣ್ಣ ಎಳೆಗಳನ್ನು ಗೊಂಚಲು ಗೊಂಚಲಾಗಿ ಒಂದು ಹಿಡಿಕೆಗೆ ಕೂರಿಸಿರುತ್ತಾರೆ. ಬಿಸಿ ಜಾಲರಿಯ ಮೇಲೆ ಬಲ ಹಾಕಿ ತಿಕ್ಕಿದಾಗ ಈ ಎಳೆಗಳು ಬಾಗುತ್ತವೆ, ಮತ್ತೆ ನೆಟ್ಟಗಾಗುತ್ತವೆ. ಹೀಗೆ ನೂರಾರು ಸಲ ಬಾಗಿ, ಕಾದು, ಆರಿ, ಒದ್ದೆಯಾಗಿ ತುಕ್ಕು ಹಿಡಿದ ಮೇಲೆ ಒಂದೊಂದಾಗಿ ಕಳಚಿಕೊಳ್ಳುತ್ತವೆ. ಕಳಚಿದ ಎಳೆ ನೆಲಕ್ಕೆ ಬಿದ್ದರೆ ತೊಂದರೆಯಿಲ್ಲ. ಅದು ಸರಳಿನ ಮೇಲಿನ ಜಿಡ್ಡಿಗೆ ಅಂಟಿಕೊಂಡರೆ ಮಾತ್ರ ಕಷ್ಟ. ಕಪ್ಪು ಸರಳಿನ ಮೇಲೆ ಕಪ್ಪಾದ ತಂತಿ, ಅದೂ ಕೆಂಡದ ಬೆಳಕಿನಲ್ಲಿ, ಯಾರ ಕಣ್ಣಿಗೆ ಕಾಣುತ್ತದೆ? ಮುಂದಿನ ಸಲ ಇಟ್ಟ ಮಾಂಸದ ತುಂಡಿಗೆ ಅದು ಚುಚ್ಚಿಕೊಳ್ಳುತ್ತದೆ. ಅಲ್ಲಿಂದ ಬಾಯಿಗೆ.

ಹಿತ್ತಲಿನಲ್ಲಿ ಗ್ರಿಲ್ ಹಚ್ಚುವುದು ಬೇಸಿಗೆಯ ಹಬ್ಬದಂತಿರುವ ಅಮೆರಿಕದಲ್ಲಿ ಇದು ದೊಡ್ಡ ಸುದ್ದಿಯೇ ಆಗಿತ್ತು. ಅಲ್ಲಿನ ರೋಗ ನಿಯಂತ್ರಣ ಕೇಂದ್ರ (ಸಿಡಿಸಿ) 2012ರ ಜುಲೈನಲ್ಲಿ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದ ವರದಿಯೊಂದನ್ನು ಪ್ರಕಟಿಸಿತು. 2011ರ ಮಾರ್ಚ್‌ನಿಂದ 2012ರ ಜೂನ್‌ವರೆಗೆ, ಒಂದೇ ಆಸ್ಪತ್ರೆ ಸಮೂಹದಲ್ಲಿ ಆರು ಮಂದಿ ಬ್ರಷ್ಷಿನ ತಂತಿ ನುಂಗಿ ಬಂದಿದ್ದರು. ಕೆಲವರಿಗೆ ಕುತ್ತಿಗೆಯೊಳಗಿನ ಮೃದು ಭಾಗಕ್ಕೆ ತಂತಿ ಚುಚ್ಚಿ, ಉಗುಳು ನುಂಗುವುದೇ ಯಾತನೆಯಾಗಿತ್ತು. ಕೆಲವರಲ್ಲಿ ಅದು ಕರುಳನ್ನೇ ತೂತು ಮಾಡಿ ತುರ್ತು ಶಸ್ತ್ರಚಿಕಿತ್ಸೆ ಬೇಕಾಗಿತ್ತು. 2016ರಲ್ಲಿ ಮಿಸೌರಿ ವಿಶ್ವವಿದ್ಯಾಲಯದ ವೈದ್ಯರು ಇಡೀ ದೇಶದ ಲೆಕ್ಕ ಹಾಕಿದರು. 2002ರಿಂದ 2014ರವರೆಗೆ 1,600ಕ್ಕೂ ಹೆಚ್ಚು ಜನ ಇದೇ ಕಾರಣಕ್ಕೆ ತುರ್ತು ಚಿಕಿತ್ಸಾ ಘಟಕಕ್ಕೆ ಬಂದಿರಬಹುದು ಎಂಬುದು ಅವರ ಅಂದಾಜು. ಸಣ್ಣ ಕ್ಲಿನಿಕ್ಕುಗಳಿಗೆ ಹೋದವರು ಈ ಲೆಕ್ಕದಲ್ಲಿ ಸೇರಿಲ್ಲ.

ಕೋಟ್ಯಂತರ ಗ್ರಿಲ್‌ಗಳಿರುವ ದೇಶದಲ್ಲಿ ಇದು ದೊಡ್ಡ ಸಂಖ್ಯೆಯಲ್ಲ, ನಿಜ. ಆದರೆ ಹದಿನೈದು ನಿಮಿಷದ ಕೆಲಸಕ್ಕೆ ಬೇರೆ ದಾರಿ ಇರುವಾಗ, ಒಬ್ಬರ ಕರುಳನ್ನಾದರೂ ಏಕೆ ಪಣಕ್ಕಿಡಬೇಕು?

ಅನ್ನದ ಉಂಡೆ ಮದ್ದಲ್ಲ

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡರೆ ‘ಒಂದು ಅನ್ನದ ಉಂಡೆ ನುಂಗು, ಬಾಳೆಹಣ್ಣು ನುಂಗು’ ಎನ್ನುವುದು ನಮ್ಮ ಮನೆಗಳ ರೂಢಿ. ತಂತಿಯ ವಿಷಯದಲ್ಲಿ ಈ ಮದ್ದು ಬೇಡವೇ ಬೇಡ. ಹಾಗೆ ನೂಕಿದರೆ ಚುಚ್ಚಿದ್ದು ಇನ್ನೂ ಆಳಕ್ಕೆ ಇಳಿಯಬಹುದು. ಗ್ರಿಲ್ ಮಾಡಿದ್ದನ್ನು ತಿನ್ನುವಾಗಲೇ ಗಂಟಲಲ್ಲಿ ಚುಚ್ಚಿದಂತಾದರೆ, ನುಂಗುವಾಗ ತೀವ್ರ ನೋವಾದರೆ ಅಥವಾ ಮುಂದಿನ ದಿನಗಳಲ್ಲಿ ಹೊಟ್ಟೆಯಲ್ಲಿ ಇರಿದಂಥ ನೋವು ಬಂದರೆ ನೇರವಾಗಿ ವೈದ್ಯರ ಬಳಿ ಹೋಗಿ. ‘ಬಾರ್ಬೆಕ್ಯೂ ತಿಂದಿದ್ದೆ, ಗ್ರಿಲ್ಲನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿದ್ದರು’ ಎಂದು ಬಾಯಿಬಿಟ್ಟು ಹೇಳಿ. ಇಷ್ಟು ಹೇಳದಿದ್ದರೆ ಅವರು ಗ್ಯಾಸ್ಟ್ರಿಕ್, ಅಪೆಂಡಿಕ್ಸ್ ಎಂದು ಹುಡುಕುತ್ತಾ ಕೂರಬೇಕಾಗುತ್ತದೆ. ಹೇಳಿದರೆ ಎಕ್ಸ್‌ರೇಯಲ್ಲೋ ಸಿ.ಟಿ. ಸ್ಕ್ಯಾನಿನಲ್ಲೋ ತಂತಿಯನ್ನೇ ಹುಡುಕುತ್ತಾರೆ. ಅಯಸ್ಕಾಂತ ಬಳಸುವ ಎಂ.ಆರ್.ಐ. ಯಂತ್ರದ ಹತ್ತಿರ ಹೋಗುವ ಮುನ್ನವಂತೂ ಇದನ್ನು ತಿಳಿಸಲೇಬೇಕು.

ಸವೆಯುತ್ತಾ ಕಲಿಯುವ ಹಲಗೆ

ತಂತಿಗೆ ಬದಲಿ ಏನು? ಒಂದು ಮರದ ಹಲಗೆ. ನಂಬಲು ಕಷ್ಟ, ಆದರೆ ಅಷ್ಟೇ. ಹೊರದೇಶಗಳಲ್ಲಿ ಇದನ್ನು ಗ್ರಿಲ್ ಸ್ಕ್ರೇಪರ್ ಎಂದು ಓಕ್, ಸೀಡರ್ ಮರಗಳಲ್ಲಿ ಮಾಡಿ ಮಾರುತ್ತಾರೆ. ನೋಡಲು ಉದ್ದ ಹಿಡಿಕೆಯ ದೊಡ್ಡ ಸಟ್ಟುಗದಂತೆ ಇರುತ್ತದೆ. ತುದಿ ಅಗಲ, ಅಂಚು ಇಳಿಜಾರು. ಹೊಸದರಲ್ಲಿ ಆ ಅಂಚು ನೇರವಾಗಿ, ನುಣುಪಾಗಿ ಇರುತ್ತದೆ. ಅದರಿಂದ ಸರಳುಗಳ ನೆತ್ತಿ ಮಾತ್ರ ಸ್ವಚ್ಛವಾಗುತ್ತದೆ, ಸಂದು ಆಗುವುದಿಲ್ಲ.

ಮಜಾ ಇರುವುದು ಇಲ್ಲೇ. ಕಾದ ಸರಳುಗಳ ಮೇಲೆ ಅಂಚನ್ನು ಒತ್ತಿ ಹಿಂದೆ ಮುಂದೆ ಎಳೆದಂತೆ, ಸರಳು ತಾಗುವ ಜಾಗವಷ್ಟೇ ಕರಿದು ಸವೆಯುತ್ತದೆ. ನಾಲ್ಕೈದು ಸಲ ಬಳಸುವಷ್ಟರಲ್ಲಿ ಅಂಚಿನಲ್ಲಿ ಸಾಲಾಗಿ ಕಚ್ಚುಗಳು ಮೂಡುತ್ತವೆ. ಎರಡು ಕಚ್ಚುಗಳ ನಡುವೆ ಉಳಿದ ಮರ ಹಲ್ಲಿನ ಹಾಗೆ ಸಂದಿಗೆ ಇಳಿದು, ಸರಳಿನ ಎರಡೂ ಪಕ್ಕವನ್ನು ಕೆರೆಯುತ್ತದೆ. ಬೇರೆ ಬೇರೆ ಜಾಲರಿಗಳ ಸರಳಿನ ಗಾತ್ರ, ಅಂತರ ಬೇರೆಯಾದ್ದರಿಂದ ಒಂದು ಗ್ರಿಲ್ಲಿಗೆ ಹೊಂದಿದ ಹಲಗೆ ಇನ್ನೊಂದಕ್ಕೆ ಹೊಂದದು. ಬೀಗಕ್ಕೆ ತಕ್ಕ ಕೀಲಿಯನ್ನು ಬೆಂಕಿಯೇ ಕೊರೆದುಕೊಟ್ಟಂತೆ!

ಮರ ಸರಳಿಗಿಂತ ಮೆದು. ಹಾಗಾಗಿ ಸವೆಯುವುದು ಹಲಗೆಯೇ ಹೊರತು ಜಾಲರಿಯಲ್ಲ. ಎನಾಮಲ್ ಲೇಪವಿರುವ ಜಾಲರಿಯನ್ನು ಲೋಹದಿಂದ ಕೆರೆದರೆ ಲೇಪ ಚಕ್ಕೆಯೇಳುತ್ತದೆ, ಅಲ್ಲಿಂದ ತುಕ್ಕು ಶುರು. ಮರದಲ್ಲಿ ಆ ಭಯ ಕಡಿಮೆ. ಹಲಗೆಯ ತುದಿಯಿಂದ ಉದುರುವುದು ಬಹುಪಾಲು ಇದ್ದಿಲ ಪುಡಿ, ಒರೆಸಿದರೆ ಹೋಗುತ್ತದೆ.

ಯಾವ ಮರ?

ಓಕ್ ಮರ ನಮಗೆಲ್ಲಿಂದ ಬರಬೇಕು ಎಂದು ಕೇಳಬೇಡಿ. ಮಟನ್ ಅಂಗಡಿಯಲ್ಲಿ ಮಾಂಸ ಕೊಚ್ಚುವ ಕೊರಡನ್ನು ನೋಡಿದ್ದೀರಲ್ಲ? ಅದು ಸಾಮಾನ್ಯವಾಗಿ ಹುಣಸೆ ಮರದ್ದು. ದಿನವಿಡೀ ಮಚ್ಚಿನ ಏಟು ತಿಂದರೂ ಸುಲಭಕ್ಕೆ ಸಿಬಿರು ಏಳುವುದಿಲ್ಲ ಎಂಬುದಕ್ಕೇ ಅದನ್ನು ಆರಿಸುವುದು. ನಮ್ಮ ಗ್ರಿಲ್ಲಿಗೂ ಊರಿನ ಬಡಗಿಯೊಬ್ಬರು ಹುಣಸೆಯ ತುಂಡಿನಲ್ಲೇ ಹಲಗೆ ಮಾಡಿಕೊಟ್ಟರು. ಒಂದೂವರೆ ಅಡಿ ಉದ್ದ, ಮೂರು ಇಂಚು ಅಗಲ, ಮುಕ್ಕಾಲು ಇಂಚು ದಪ್ಪ. ಎಳೆ ಉದ್ದಕ್ಕೆ ಬರುವಂತೆ ಕೊಯ್ದು, ಹಿಡಿಯುವ ಕಡೆ ಸಪುರ ಮಾಡಿ, ಕೊನೆಗೆ ಮರಳುಕಾಗದದಿಂದ ಉಜ್ಜಿದರು.

ಬೇಡದ ಮರಗಳನ್ನೂ ನೆನಪಿಡಿ. ಪ್ಲೈವುಡ್ಡಿನಲ್ಲಿ ಅಂಟು ಇರುತ್ತದೆ. ಬಣ್ಣ, ವಾರ್ನಿಷ್ ಬಳಿದ ಹಳೇ ಕಿಟಕಿಯ ಪಟ್ಟಿ ಬೇಡ. ಗೆದ್ದಲು ಹತ್ತದಂತೆ ರಾಸಾಯನಿಕ ಕುಡಿಸಿದ ಮರ ಬೇಡ, ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಯೂ ಬೇಡ. ಬೇಲಿಯಲ್ಲಿ ಸಿಕ್ಕಿದ ಕೊಂಬೆಯನ್ನು ಕಡಿದು ಬಳಸುವ ಉತ್ಸಾಹವಂತೂ ಬೇಡ. ಅಲಂಕಾರಕ್ಕೆ ನೆಟ್ಟ ಕಣಗಿಲೆಯ ಪ್ರತಿ ಭಾಗವೂ ವಿಷ. ಇದು ಆಹಾರಕ್ಕೆ ತಾಗುವ, ಅದೂ ಸುಡುವ ಮರ ಎಂಬುದು ತಲೆಯಲ್ಲಿರಲಿ.

ಹೀಗೆ ಮಾಡಿ

ಜಾಲರಿ ತಣ್ಣಗಾದ ಮೇಲೆ ಉಜ್ಜಲು ಹೋದರೆ ತೋಳು ಸೋಲುತ್ತದೆಯೇ ಹೊರತು ಜಿಡ್ಡು ಸೋಲುವುದಿಲ್ಲ. ಅಡುಗೆ ಇಳಿಸಿದ ಮೇಲೆ ಉಳಿದ ಕೆಂಡದ ಮೇಲೆಯೇ ಜಾಲರಿಯನ್ನು ಹತ್ತು-ಹದಿನೈದು ನಿಮಿಷ ಬಿಡಿ. ಜಿಡ್ಡು, ಮಸಾಲೆ ಎಲ್ಲ ಒಣಗಿ ಕರಕಲಾಗುತ್ತದೆ. ಜ್ವಾಲೆ ಪೂರ್ತಿ ಇಳಿದಿರಲಿ. ಕೈಗೆ ದಪ್ಪ ಹತ್ತಿಯ ಅಥವಾ ಚರ್ಮದ ಗವಸು ಹಾಕಿಕೊಳ್ಳಿ. ನೈಲಾನ್, ಪಾಲಿಯೆಸ್ಟರ್ ಬೇಡ, ಬಿಸಿಗೆ ಕರಗಿ ಚರ್ಮಕ್ಕೇ ಅಂಟುತ್ತವೆ. ಜೋತಾಡುವ ದುಪಟ್ಟಾ, ತೋಳುಗಳನ್ನು ಬಿಗಿ ಮಾಡಿಕೊಳ್ಳಿ.

ಹಲಗೆಯನ್ನು ಓರೆಯಾಗಿ ಹಿಡಿದು ಸರಳು ಹೋದ ದಿಕ್ಕಿನಲ್ಲೇ ಎಳೆಯಿರಿ. ಅಡ್ಡಡ್ಡ ಎಳೆದರೆ ಕಚ್ಚು ಕೆಡುತ್ತದೆ. ಹೊಸ ಹಲಗೆಯಾದರೆ ಅವಸರ ಬೇಡ, ಕಚ್ಚು ಮೂಡಲು ಸಮಯ ಕೊಡಿ. ಹೊಗೆ ಬಂದರೆ ಗಾಬರಿಯಾಗಬೇಡಿ, ಕಿಡಿ ಹತ್ತಿದರೆ ತೆಗೆಯಿರಿ. ಮಧ್ಯೆ ಏನೋ ನೆನಪಾಯಿತೆಂದು ಹಲಗೆಯನ್ನು ಜಾಲರಿಯ ಮೇಲೇ ಬಿಟ್ಟು ಹೋಗಬೇಡಿ.

ಆಮೇಲೆ ಹತ್ತಿ ಬಟ್ಟೆಯೊಂದನ್ನು ಹಿಂಡಿ, ಮಡಚಿ, ಇಕ್ಕಳದಲ್ಲಿ ಹಿಡಿದು ಸರಳುಗಳನ್ನು ಒರೆಸಿ. ಹಬೆ ಏಳುತ್ತದೆ, ಮುಖ ದೂರವಿರಲಿ. ಬಕೆಟ್ಟಿನಿಂದ ನೀರು ಸುರಿಯಬೇಡಿ. ಕಾದ ಬೀಡು ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಸೀಳಬಹುದು. ಕೊನೆಗೆ ಅರ್ಧ ಈರುಳ್ಳಿಯನ್ನು ಫೋರ್ಕಿಗೆ ಸಿಕ್ಕಿಸಿ, ಎಣ್ಣೆಯಲ್ಲಿ ಅದ್ದಿ ಸವರಿ. ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ದೋಸೆ ಕಾವಲಿಗೆ ಅಮ್ಮ, ಅಜ್ಜಿ ಮಾಡುವುದು ಇದನ್ನೇ ಅಲ್ಲವೇ?

ಹಲಗೆಯ ತುದಿಯನ್ನು ನೀರಲ್ಲಿ ಅದ್ದಿ ತೆಗೆಯಿರಿ. ಒಳಗೆ ಕಿಡಿ ಉಳಿದಿದ್ದರೆ, ಒಣಗಿದ ತರಗೆಲೆಯ ನಡುವೆ ಅಷ್ಟೇ ಸಾಕು. ಸೋಪಿನಲ್ಲಿ ನೆನೆಹಾಕದೆ ಒರೆಸಿ, ಗಾಳಿಯಾಡುವ ಕಡೆ ತೂಗುಹಾಕಿ. ಬಿರುಕು ಬಿಟ್ಟ, ಸಿಬಿರು ಎದ್ದ, ಬೂಸ್ಟು ಹಿಡಿದ ಹಲಗೆಯನ್ನು ಮೋಹಪಟ್ಟು ಇಟ್ಟುಕೊಳ್ಳಬೇಡಿ. ಮರದ ಸಿಬಿರೂ ಚುಚ್ಚುವ ವಸ್ತುವೇ. ಅಂಚು ಮುರಿದರೆ ಕೊಯ್ದು, ಹೊಸ ಅಂಚು ಮಾಡಿಕೊಂಡರಾಯಿತು.

ಉಜ್ಜುವವನೂ ಒಬ್ಬನಿದ್ದಾನೆ

ಮರದ ಹಲಗೆಗೆ ಒಂದು ದೋಷವಿದೆ, ನಿಧಾನ. ಬೆಳಿಗ್ಗೆ ಏಳಕ್ಕೆ ಎದ್ದು ಹತ್ತು ಮಂದಿಯ ತಿಂಡಿಯ ನಡುವೆ ಹಿಂದಿನ ರಾತ್ರಿಯ ತಣ್ಣಗಾದ ಜಾಲರಿ ತಿಕ್ಕಬೇಕಾದ ಹುಡುಗನಿಗೆ ತಂತಿ ಬ್ರಷ್ಷೇ ಬೇಗ ಕೆಲಸ ಮುಗಿಸುತ್ತದೆ. ಅವನನ್ನು ದೂರಿ ಪ್ರಯೋಜನವಿಲ್ಲ. ರಾತ್ರಿ ಕೆಂಡ ಇರುವಾಗಲೇ ಹದಿನೈದು ನಿಮಿಷ ಅವನಿಗೆ ಬಿಟ್ಟುಕೊಡುವುದು ಮಾಲೀಕರ ಕೆಲಸ. ‘ಇನ್ನೊಂದು ರೌಂಡ್ ಹಾಕಿ’ ಎಂದು ಹನ್ನೆರಡು ಗಂಟೆಯವರೆಗೂ ಗ್ರಿಲ್ ಬಿಡದ ಅತಿಥಿಗಳದ್ದೂ ಹೌದು.

ಮುಂದಿನ ಸಲ ಹೋಂಸ್ಟೇಗೆ ಹೋದಾಗ, ಗೆಳೆಯರ ಟೆರೇಸಿಗೆ ಹೋದಾಗ, ಮಾಂಸ ಇಡುವ ಮೊದಲು ಒಮ್ಮೆ ಮೊಬೈಲ್ ಟಾರ್ಚ್ ಹಾಕಿ ಜಾಲರಿ ನೋಡಿ. ‘ಇದನ್ನು ಯಾವುದರಿಂದ ಉಜ್ಜುತ್ತೀರಿ?’ ಎಂದು ಕೇಳಿ. ತಂತಿ ಬ್ರಷ್ ಎಂದರೆ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಲು ಹೇಳಿ, ಬಟ್ಟೆಯನ್ನು ಬಿಡಿಸಿ ನೋಡಿ. ಸಂಕೋಚ ಬೇಡ. ರುಚಿ ಹೇಗಿದೆ ಎಂದು ಕೇಳುವಷ್ಟೇ ಸಹಜವಾಗಿ ಇದನ್ನೂ ಕೇಳಬಹುದು.