ಚಿತ್ರ ಬರೆಯುವ ಮಕ್ಕಳೂ ಕಲಾಶಾಲೆಯ ಬಾಗಿಲೂ

ಕನ್ನಡ ನುಡಿಯಲ್ಲಿ ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡು ವಿದ್ಯೆಗಳಿಗೂ ನಮ್ಮ ಹಿರಿಯರು ಒಂದೇ ಕ್ರಿಯಾಪದವನ್ನು ಇರಿಸಿದ್ದಾರೆ. ಕೊಲ್ಲೂರಿನ ಶ್ರೀ ಮೂಕಾಂಬಿಕೆಯ ಸನ್ನಿಧಿಯಲ್ಲಿ ವಿಜಯದಶಮಿಯಂದು ನಡೆಯುವ ಅಕ್ಷರಾಭ್ಯಾಸವನ್ನು ಕಂಡವರಿಗೆ ಇದರ ಅರ್ಥ ತಾನಾಗಿಯೇ ಹೊಳೆಯುತ್ತದೆ. ಅಕ್ಕಿಯ ಮೇಲೆ ಮಗುವಿನ ಬೆರಳು ಮೊದಲು ಎಳೆಯುವುದು ಒಂದು ಗೆರೆಯನ್ನು. ಅದು ಅಕ್ಷರವೆಂದು ತಿಳಿಯುವುದು ಆಮೇಲೆ. ಆದರೂ ಅಕ್ಷರ ಬರೆಯುವ ಮಗುವನ್ನು ಕಂಡು ಹಿಗ್ಗುವ ಮನೆ, ಚಿತ್ರ ಬರೆಯುವ ಮಗುವನ್ನು ಕಂಡು ‘ಇದರಿಂದ ಹೊಟ್ಟೆ ತುಂಬೀತೆ?’ ಎಂದು ಕೇಳುತ್ತದೆ. ಪಿ.ಯು.ಸಿ. ಮುಗಿಸಿ ಕಲಾಶಾಲೆಗೆ ಸೇರಬಯಸುವ ಮಕ್ಕಳೂ ಅವರ ತಾಯಿತಂದೆಗಳೂ ನಮ್ಮಲ್ಲಿಗೆ ಬಂದು ವಿಚಾರಿಸುವುದುಂಟು. ಅವರಿಗಾಗಿ ಈ ನಾಲ್ಕು ಮಾತು.

ಕೊಲ್ಲೂರು ಮತ್ತು ರವಿವರ್ಮ

ಕೆಳದಿಯ ವೀರಶೈವ ಅರಸರು ಈ ಕ್ಷೇತ್ರಕ್ಕೆ ನಡೆದುಕೊಂಡವರು. ಘಟ್ಟದ ಮೇಲಿನ ನಮ್ಮ ಮನೆತನಗಳಿಗೆ ನಾಗೋಡಿ ಘಾಟಿಯಿಳಿದು ಕೊಲ್ಲೂರಿಗೆ ಹೋಗಿಬರುವುದು ಹಳೆಯ ಬಳಕೆ. ಆದರೆ ಚಿತ್ರಕಲೆಯ ಇತಿಹಾಸದಲ್ಲಿಯೂ ಈ ಊರಿಗೆ ಒಂದು ಸ್ಥಾನವಿದೆಯೆಂಬುದನ್ನು ಬಲ್ಲವರು ಕಡಿಮೆ. ತಿರುವಾಂಕೂರು ಸೀಮೆಯ ಕಿಳಿಮಾನೂರಿನಲ್ಲಿ 1848ರಲ್ಲಿ ಜನಿಸಿದ ರಾಜಾ ರವಿವರ್ಮರು ಚಿತ್ರಕಲೆಯನ್ನೇ ವೃತ್ತಿಯಾಗಿ ಕೈಗೊಳ್ಳುವ ಮೊದಲು, 1870ರಲ್ಲಿ, ಕೊಲ್ಲೂರಿಗೆ ಬಂದು 41 ದಿನ ಭಜನೆಗೆ ಕುಳಿತರೆಂದು ಅವರ ಚರಿತ್ರಕಾರರು ಹೇಳುತ್ತಾರೆ. ಮರಳುವ ದಾರಿಯಲ್ಲಿ ಕಲ್ಲಿಕೋಟೆಯ ನ್ಯಾಯಾಧೀಶರೊಬ್ಬರ ಕುಟುಂಬದ ಚಿತ್ರವನ್ನು ಸಂಭಾವನೆ ಪಡೆದು ಬರೆದುದೇ ಅವರ ವೃತ್ತಿಜೀವನದ ಆರಂಭವೆನ್ನುತ್ತಾರೆ.

ರವಿವರ್ಮರಿಗೆ ಕಲಾಶಾಲೆಯ ಭಾಗ್ಯವಿರಲಿಲ್ಲ. ತೈಲವರ್ಣದ ಮರ್ಮವನ್ನು ಬಲ್ಲವರು ಅದನ್ನು ಮನಬಿಚ್ಚಿ ಕಲಿಸಲೊಪ್ಪದಿದ್ದಾಗ, ತಿರುವನಂತಪುರದ ಅರಮನೆಗೆ ಬಂದಿದ್ದ ಪಾಶ್ಚಾತ್ಯ ಚಿತ್ರಕಾರನ ಕೈಚಳಕವನ್ನು ದೂರದಿಂದ ನೋಡಿ ನೋಡಿ ಅವರು ಕಲಿತರು. ನಮ್ಮ ಮಕ್ಕಳ ಕಾಲ ಹಾಗಿಲ್ಲ. ಮೈಸೂರಿನ ಚಿತ್ರಕಾರ ಕೆ. ವೆಂಕಟಪ್ಪನವರನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯವು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಕಳುಹಿಸಿತು. ಅಲ್ಲಿ ಅವರು ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಕೊಲ್ಲೂರಿಗೆ ನೆರೆಯ ಉಡುಪಿ ಸೀಮೆಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ 1938ರಲ್ಲಿ ಡಿಪ್ಲೊಮಾ ಪಡೆದು, ಅಲ್ಲಿಯೇ ಅಧ್ಯಾಪಕರಾಗಿ, ಮುಂದೆ ಪದ್ಮಭೂಷಣರಾದರು. ಕರಾವಳಿಯ ಹಳ್ಳಿಯ ಬಾಲಕನಿಗೆ ಆ ಬಾಗಿಲು ಅಂದು ತೆರೆದಿದ್ದರೆ, ಇಂದಿನ ಮಕ್ಕಳಿಗೆ ಏಕೆ ತೆರೆಯದು?

ಬಾಗಿಲುಗಳು ಯಾವುವು?

ನಮ್ಮ ನಾಡಿನಲ್ಲಿಯೇ ಉತ್ತಮ ಶಾಲೆಗಳಿವೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಮಹಾವಿದ್ಯಾಲಯದ ಮೂಲ 1906ರಷ್ಟು ಹಳೆಯದು. ಬೆಂಗಳೂರಿನಲ್ಲಿ 1960ರಲ್ಲಿ ಹುಟ್ಟಿದ ಚಿತ್ರಕಲಾ ಪರಿಷತ್ತಿನ ಮಹಾವಿದ್ಯಾಲಯ ಮತ್ತು ಆರ್. ಎಂ. ಹಡಪದರು ಕಟ್ಟಿ ಬೆಳೆಸಿದ ಕೆನ್ ಕಲಾಶಾಲೆಗಳಿವೆ. ದಾವಣಗೆರೆಯಲ್ಲಿ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯವಿದೆ. ಹೊರನಾಡಿನಲ್ಲಿ ಬರೋಡೆಯ ಲಲಿತಕಲಾ ವಿಭಾಗವೂ ಶಾಂತಿನಿಕೇತನದ ಕಲಾಭವನವೂ ಹೆಸರಾಂತವು. ಪದವಿಯ ವ್ಯಾಸಂಗ ಸಾಮಾನ್ಯವಾಗಿ ನಾಲ್ಕು ವರ್ಷಗಳದು. ಅಂಕಪಟ್ಟಿಯೊಂದೇ ಇಲ್ಲಿ ಸಾಲದು. ಕೆಲವೆಡೆ ಅಭಿರುಚಿ ಪರೀಕ್ಷೆ, ಕೆಲವೆಡೆ ಅದರೊಡನೆ ಸಂದರ್ಶನ ಮತ್ತು ತಾನು ಬರೆದ ಚಿತ್ರಗಳ ಕಟ್ಟು, ಹೀಗೆ ಕ್ರಮ ಬೇರೆ ಬೇರೆ. ಆದುದರಿಂದ ಆಯಾ ಶಾಲೆಯ ಆ ವರ್ಷದ ಪ್ರಕಟಣೆಯನ್ನು ತರಿಸಿ, ಕೊನೆಯ ದಿನಾಂಕ, ಚಿತ್ರಗಳ ಸಂಖ್ಯೆ, ಹಾಳೆಯ ಅಳತೆಗಳನ್ನು ಗುರುತು ಹಾಕಿಕೊಳ್ಳುವುದು ಮೊದಲ ಕೆಲಸ. ಪ್ರೌಢಶಾಲೆಯ ದಿನಗಳಲ್ಲಿಯೇ ಡ್ರಾಯಿಂಗ್ ಲೋಯರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳಿಗೆ ಕುಳಿತರೆ ಕೈಗೆ ಶಿಸ್ತು ಬರುತ್ತದೆ.

ಕಟ್ಟಿನಲ್ಲಿ ಏನಿರಬೇಕು?

ಚಿತ್ರಗಳ ಕಟ್ಟೇ ಅರ್ಜಿಯ ಜೀವಾಳ. ಸಂಖ್ಯೆಯನ್ನು ಶಾಲೆಯೇ ಹೇಳದಿದ್ದರೆ 15ರಿಂದ 20 ಚಿತ್ರಗಳು ಸಾಕು. ದುರ್ಬಲವಾದ ಐದು ಚಿತ್ರಗಳು ಬಲವಾದ ಹದಿನೈದರ ಬೆಲೆಯನ್ನೂ ತಗ್ಗಿಸುತ್ತವೆ. ಎದುರಿಗೆ ಇರಿಸಿದ ತಂಬಿಗೆ, ಬುಟ್ಟಿ, ಬಾಳೆಗೊನೆಗಳನ್ನು ನೆಳಲುಬೆಳಕಿನೊಡನೆ ಬರೆದ ವಸ್ತುಚಿತ್ರ, ಗಿಡಬಳ್ಳಿಗಳ ಪ್ರಕೃತಿ ಅಧ್ಯಯನ, ಮನುಷ್ಯರ ಮುಖ ಹಾಗೂ ಕೈಕಾಲುಗಳ ರೇಖೆಗಳು, ನೆನಪಿನಿಂದ ಬರೆದ ಒಂದೆರಡು ಚಿತ್ರಗಳು, ಬಣ್ಣದ ಸಂಯೋಜನೆಗಳು, ಇಷ್ಟೂ ಇದ್ದರೆ ಕೈಯ ಹದವೂ ಕಣ್ಣಿನ ವ್ಯಾಪ್ತಿಯೂ ತಿಳಿಯುತ್ತವೆ. ಇವುಗಳೊಡನೆ, ದಿನಾಂಕ ಹಾಕಿ ನಿತ್ಯವೂ ಗೀಚಿದ ಒಂದು ಪುಸ್ತಕವಿರಲಿ. ತಪ್ಪಿದ ಗೆರೆಯೂ ಅದರಲ್ಲಿರಲಿ. ಮಗು ಹೇಗೆ ತಿದ್ದಿಕೊಂಡಿತೆಂಬುದನ್ನು ಪರೀಕ್ಷಕರು ಅಲ್ಲಿಯೇ ಕಾಣುತ್ತಾರೆ.

ವಿಷಯಕ್ಕಾಗಿ ದೂರ ಹೋಗಬೇಕಾಗಿಲ್ಲ. ಕೊಲ್ಲೂರಿನಲ್ಲಿ ಒಂದು ದಿನ ಕುಳಿತರೆ ಎಷ್ಟೊಂದು ಉಂಟು! ದೇವಾಲಯದ ಎದುರಿನ ದೀಪಸ್ತಂಭ, ಹೂ ಕಟ್ಟುವವರ ಬೆರಳುಗಳು, ಸೌಪರ್ಣಿಕೆಯ ಮೆಟ್ಟಿಲಲ್ಲಿ ಒದ್ದೆ ಬಟ್ಟೆ ಹಿಂಡುವ ಯಾತ್ರಿಕರು, ಬಸ್ಸಿಗಾಗಿ ಕಾದು ತೂಕಡಿಸುವ ಮುದುಕರು, ಮೋಡ ಸರಿದಾಗ ತಲೆಯೆತ್ತುವ ಕೊಡಚಾದ್ರಿ. ಹೆಬ್ಬಾರರೂ ಕುಣಿತದ, ದುಡಿಮೆಯ, ಜಾತ್ರೆಯ ಜನರನ್ನು ಕೆಲವೇ ಗೆರೆಗಳಲ್ಲಿ ಹಿಡಿದುದರಿಂದ ಲೋಕಮಾನ್ಯರಾದರು.

ನಕಲು ಮತ್ತು ಸಾಕ್ಷಿ

ಇಲ್ಲಿಯೇ ನಮ್ಮ ಮನೆಗಳು ಎಡವುತ್ತವೆ. ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ಸ್ಥಾಪಿಸಿದ ಮೇಲೆ ಅವರ ಸರಸ್ವತಿ, ಲಕ್ಷ್ಮಿಯರು ಮನೆಮನೆಯ ಗೋಡೆಗೂ ಬಂದರು. ಆ ಪಟಗಳನ್ನೂ ಕ್ಯಾಲೆಂಡರಿನ ಬಸವಣ್ಣನವರ ಚಿತ್ರವನ್ನೂ ಚೌಕುಳಿ ಹಾಕಿ ಯಥಾವತ್ತಾಗಿ ಇಳಿಸುವ ಮಗುವನ್ನು ಮನೆಯವರು ಮೆಚ್ಚುತ್ತಾರೆ. ಕೈ ಪಳಗಲು ನಕಲು ಒಳ್ಳೆಯ ಅಭ್ಯಾಸವೇ. ಆದರೆ ಅರ್ಜಿಯೊಡನೆ ಹೋಗಬೇಕಾದದ್ದು ಮಗು ತನ್ನ ಕಣ್ಣಿನಿಂದ ಕಂಡುದರ ಸಾಕ್ಷಿ. ನಕಲು ರವಿವರ್ಮರು ಕಂಡುದನ್ನು ಹೇಳುತ್ತದೆಯೇ ಹೊರತು ಮಗು ಕಂಡುದನ್ನಲ್ಲ.

ಘಟ್ಟದ ಮೇಲಿನ ಅಡಿಕೆ ತೋಟದ ಮನೆಯೊಂದರ ಹೆಣ್ಣುಮಗಳು ಕೆಲವು ವರ್ಷಗಳ ಹಿಂದೆ ತಂದೆಯೊಡನೆ ನಮ್ಮಲ್ಲಿಗೆ ಬಂದಿದ್ದಳು. ನಲವತ್ತು ಹಾಳೆಗಳಲ್ಲಿ ಹೆಚ್ಚಿನವು ದೇವರ ಪಟಗಳ ನಕಲು. ಕೊನೆಯಲ್ಲಿ ಹಳೆಯ ಲೆಕ್ಕದ ಪುಸ್ತಕದ ಖಾಲಿ ಪುಟಗಳಿದ್ದವು. ಅವುಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ತಾಯಿಯ ಕೈಗಳನ್ನು ಹತ್ತಾರು ಬಗೆಯಲ್ಲಿ ಬರೆದಿದ್ದಳು. “ಬುದ್ಧಿ, ಅವು ಸುಮ್ಮನೆ ಗೀಚಿದ್ದು. ಸರಸ್ವತಿ ಮೇಲಿರಲಿ” ಎಂದರು ತಂದೆ. ಸರಸ್ವತಿಗೆ ಮನೆಯ ಗೋಡೆಯ ಮೇಲೆ ಸ್ಥಾನವಿರಲಿ, ಕಟ್ಟಿನ ಮೇಲೆ ಆ ತಾಯಿಯ ಕೈಗಳಿರಲಿ ಎಂದೆವು. ಅವರು ಒಲ್ಲದ ಮನಸ್ಸಿನಿಂದಲೇ ಒಪ್ಪಿದರು. ಪರೀಕ್ಷಕರು ಬಹಳ ಹೊತ್ತು ನೋಡಿದ್ದೂ ಪ್ರಶ್ನೆ ಕೇಳಿದ್ದೂ ಆ ಪುಟಗಳ ವಿಚಾರವಾಗಿಯೇ ಎಂದು ಅವಳು ಪ್ರವೇಶ ದೊರೆತ ಮೇಲೆ ಬಂದು ತಿಳಿಸಿದಳು.

ಇನ್ನೊಂದು ಮಾತು. ಚಿತ್ರ ಕಲಿಸುವವರು ಕೊನೆಗೆ ತಾವೇ ಕುಂಚ ಹಿಡಿದು ಮಗುವಿನ ಚಿತ್ರವನ್ನು ‘ಚೆಂದಗೊಳಿಸುವ’ ಪದ್ಧತಿ ಕೆಲವೆಡೆ ಇದೆ. ಅದು ಮಗುವಿಗೆ ಉಪಕಾರವಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಮಗು ಒಂಟಿಯಾಗಿ ಕುಳಿತಾಗ ಎರಡು ಕೈಗಳ ಅಂತರ ಬಯಲಾಗುತ್ತದೆ. ಕಾಯಕವು ತನ್ನದೇ ಕೈಯದಾಗಿರಬೇಕೆಂಬ ಶರಣರ ನಿಲುವು ಇಲ್ಲಿಗೂ ಸಲ್ಲುತ್ತದೆ.

ಹಾಳೆಯ ಜೋಪಾನ, ಸಂದರ್ಶನದ ಸಿದ್ಧತೆ

ಮಲೆನಾಡು ಕರಾವಳಿಗಳ ಮಳೆಗಾಲ ಕಾಗದಕ್ಕೆ ಶತ್ರು. ತೇವ ಹಿಡಿದ ಹಾಳೆ ಬೂಸ್ಟು ಕಟ್ಟುತ್ತದೆ, ಸುತ್ತಿಟ್ಟ ಹಾಳೆ ಮತ್ತೆ ನೇರವಾಗದು. ಚಿತ್ರಗಳ ನಡುವೆ ಬೆಣ್ಣೆಕಾಗದ ಇರಿಸಿ, ಎರಡು ರಟ್ಟುಗಳ ನಡುವೆ ಕಟ್ಟಿ, ನೆಲದಿಂದ ಮೇಲೆ, ಗೋಡೆಗೆ ತಾಗದಂತೆ ಮಲಗಿಸಿಡಬೇಕು. ಇದ್ದಿಲಿನ ಚಿತ್ರಕ್ಕೆ ಫಿಕ್ಸೆಟಿವ್ ಸಿಂಪಡಿಸದಿದ್ದರೆ ಪ್ರಯಾಣದಲ್ಲಿಯೇ ಅಳಿಸಿಹೋಗುತ್ತದೆ. ಹಗಲು ಬೆಳಕಿನಲ್ಲಿ ಎಲ್ಲ ಚಿತ್ರಗಳ ಛಾಯಾಚಿತ್ರ ತೆಗೆದಿರಿಸಿದರೆ, ಮೂಲಕ್ಕೆ ಕೇಡಾದರೂ ದಾಖಲೆ ಉಳಿಯುತ್ತದೆ.

ಸಂದರ್ಶನದಲ್ಲಿ ಕೇಳುವುದು ಬಹುತೇಕ ಸರಳ ಪ್ರಶ್ನೆಗಳೇ: ಇದನ್ನು ಏಕೆ ಬರೆದೆ, ಎಲ್ಲಿ ಕುಳಿತು ಬರೆದೆ, ಯಾವ ಕಲಾವಿದರ ಕೃತಿ ನಿನಗೆ ಇಷ್ಟ? ಉತ್ತರ ಬಾಯಿಪಾಠವಾಗಬಾರದು. ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನೂ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ರವಿವರ್ಮರ ಮೂಲಕೃತಿಗಳನ್ನೂ ಮಗುವಿಗೆ ಒಮ್ಮೆ ತೋರಿಸಿ ತನ್ನಿ. ಅಚ್ಚಿನ ಪಟಕ್ಕೂ ಮೂಲಚಿತ್ರಕ್ಕೂ ಇರುವ ಅಂತರವನ್ನು ಕಂಡ ಮಗು ತಾನಾಗಿ ಮಾತನಾಡುತ್ತದೆ.

ಮನೆಯವರ ಪಾಲು

ತಾಯಿತಂದೆಗಳ ಆತಂಕ ಸುಳ್ಳಲ್ಲ. ಚಿತ್ರ ಬರೆದವರೆಲ್ಲರೂ ಹೆಬ್ಬಾರರಾಗುವುದಿಲ್ಲ. ಆದರೆ ಶಾಲೆಗಳಿಗೆ ಚಿತ್ರಕಲಾ ಶಿಕ್ಷಕರು ಬೇಕು. ಮುದ್ರಣ, ಜಾಹೀರಾತು, ಚಲನಚಿತ್ರ, ಶಿಲ್ಪ, ಬಟ್ಟೆಯ ವಿನ್ಯಾಸಗಳಲ್ಲಿಯೂ ಈ ವಿದ್ಯೆಗೆ ದುಡಿಮೆಯುಂಟು. ಮೊದಲ ವರ್ಷ ಪ್ರವೇಶ ದೊರೆಯದಿದ್ದರೆ ಮಗುವನ್ನು ಹೀಗಳೆಯಬೇಡಿ. ಇನ್ನೊಂದು ವರ್ಷದ ಅಭ್ಯಾಸಕ್ಕೆ ಅವಕಾಶ ಕೊಡಿ. ದಿನಕ್ಕೊಂದು ಗಂಟೆಯ ಬಿಡುವು, ಕಿಟಕಿಯ ಬಳಿ ಒಂದು ಮೂಲೆ, ಹಾಳೆ ಪೆನ್ಸಿಲುಗಳ ವೆಚ್ಚ, ಇಷ್ಟನ್ನು ಮನೆ ಕೊಡಲಿ. ಗೆರೆಯನ್ನು ಮಾತ್ರ ಮಗುವೇ ಎಳೆಯಲಿ. ಅಕ್ಕಿಯ ಮೇಲೆ ಹಿಡಿದು ಬರೆಯಿಸಿದ ಕೈಯನ್ನು ಒಂದು ದಿನ ಬಿಡಲೇಬೇಕು. ಬಿಟ್ಟ ಮೇಲೆ ಮೂಡುವ ಗೆರೆಯನ್ನೇ ಕಲಾಶಾಲೆಯ ಬಾಗಿಲಲ್ಲಿ ಕೇಳುತ್ತಾರೆ.